ತುಕ್ಕು ಹಿಡಿಯದ ಪೈಪು

ಚಾಮರಾಜನಗರದಲ್ಲಿ ನನ್ನ ಮೊದಲ ಬೆಳಗು. ಹೊರಗಿನಿಂದ ಒಬ್ಬ ಹೆಂಗಸು ಬಾಗಿಲು ತಟ್ಟಿ, "ನೀರ್ ಬುಟ್ಟವ್ರೆ ಕಣವ್ವ, ಬಿರ್ನೆ ಇಡ್ಕೊ" ಎಂದರು. ನಾನು ನಿದ್ದೆಗಣ್ಣಲ್ಲಿ ಎದ್ದು, ಇನ್ನೂ ಬಿಚ್ಚದ ಗಂಟುಗಳ ನಡುವೆ ತಡಕಾಡಿ, ಒಂದು ಬುಟ್ಟಿ ಹಿಡಿದು ಹೊರಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಮನೆಯ ಒಡತಿ ಬುಟ್ಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಬುಟ್ಟವ್ರೆ ಎಂದರೆ ಬಿಟ್ಟಿದ್ದಾರೆ, ಇಡ್ಕೊ ಎಂದರೆ ಹಿಡಿದುಕೋ, ಬಿರ್ನೆ ಎಂದರೆ ಬೇಗ ಎಂದು ನನಗೆ ಗೊತ್ತಾಗುವಷ್ಟರಲ್ಲಿ ನೀರು ನಿಂತುಹೋಗಿತ್ತು. ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದವಳು ನಾನು. ಕನ್ನಡದ ಊರಿಗೇ ಬಂದು ಕನ್ನಡವೇ ತಿಳಿಯದೆ ಬುಟ್ಟಿ ಹಿಡಿದು ನಿಂತದ್ದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಅವತ್ತು ಅಳು ಬಂದಿತ್ತು.

ರೇಷ್ಮೆ ಇಲಾಖೆಯ ಗುಮಾಸ್ತೆಯಾದ ನನ್ನನ್ನು ಗದಗಿನಿಂದ ಇಲ್ಲಿಗೆ ವರ್ಗ ಮಾಡಿದಾಗ ನಕ್ಷೆ ತೆಗೆದು ನೋಡಿದ್ದೆ. ಕರ್ನಾಟಕ ಮುಗಿಯುವ ಜಾಗದಲ್ಲಿ ಊರಿತ್ತು. ನಮ್ಮ ಮನೆಯವರಿಗೆ ಗದಗಿನಲ್ಲಿ ಪುಸ್ತಕ ಬೈಂಡಿಂಗಿನ ಅಂಗಡಿ. ಅದನ್ನು ಬಿಟ್ಟು ಬರುವಂತಿರಲಿಲ್ಲ. ಒಂದನೇ ಇಯತ್ತೆಗೆ ಸೇರಬೇಕಾದ ಮಗಳು ವಿಜಿಯನ್ನು ಕರೆದುಕೊಂಡು ನಾನೊಬ್ಬಳೇ ಬಂದೆ. ಕೆಲಸವೂ ಒಂದೇ ಕಡೆಯಲ್ಲ. ವಾರದಲ್ಲಿ ಅರ್ಧ ಇಲ್ಲಿನ ಕಚೇರಿ, ಇನ್ನರ್ಧ ಗುಂಡ್ಲುಪೇಟೆಯದು. ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ, ನಿಂತೇ ಬರುತ್ತಿದ್ದೆ. ಗುಂಡ್ಲುಪೇಟೆಯಲ್ಲಿ ಬಂಡೀಪುರದ ಕಡೆಗೆ ಸಾಲುಗಟ್ಟಿದ ತರಕಾರಿ ಲಾರಿಗಳು, ಹೋಟೆಲಿನಲ್ಲಿ ಮಲಯಾಳ, ಚಾಮರಾಜನಗರದ ಸಂತೆಯಲ್ಲಿ ತಮಿಳು. ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು. ನಾನು "ಯಾಕ್ರೀ, ಎಷ್ಟ್ ಕೊಡ್ಲಿ?" ಎಂದರೆ ಮಾತ್ರ ತಿರುಗಿ ನೋಡುತ್ತಿದ್ದರು. ಜೋಳದ ಹಿಟ್ಟು ಹುಡುಕಿ ಸಾಕಾಗಿ ರಾಗಿಮುದ್ದೆ ಕಲಿತೆ. ಉಪ್ಪೆಸರು ಎಂದರೆ ಸೊಪ್ಪು ಕಾಳು ಬೇಯಿಸಿದ ಕಟ್ಟು, ಖಾರ ಬೇರೆಯಾಗಿ ಅರೆದು ಹಾಕಿಕೊಳ್ಳಬೇಕು. ಅದು ನಾಲಗೆಗೆ ಹತ್ತಿತು, ಮುದ್ದೆ ಮಾತ್ರ ಗಂಟಲಲ್ಲಿ ನಿಲ್ಲುತ್ತಿತ್ತು. ಸಂಜೆ ಮನೆ ಸೇರಿ ಚಪ್ಪಲಿ ಬಿಚ್ಚುವಾಗ, ಇವತ್ತು ಕಚೇರಿಯ ಮಾತು ಬಿಟ್ಟರೆ ಯಾರ ಜೊತೆಗೂ ಮಾತಾಡಲಿಲ್ಲ ಎಂದು ಎಷ್ಟೋ ದಿನ ಅನ್ನಿಸಿದೆ.

ಒಂದೇ ಒಂದು ಸುಖವಿತ್ತು: ನೀರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದಗಿನಲ್ಲಿ ನಳ ಬರುವ ದಿನಕ್ಕಾಗಿ ಮದುವೆ ಮುಂದೂಡಿದವರನ್ನು ನಾವು ಬಲ್ಲೆವು. ಬಂದರೂ ಮೊದಲ ಕೊಡ ಕೆಂಪು, ತುಕ್ಕಿನ ನಾತ. ಇಲ್ಲಿ ಹಾಗಲ್ಲ. ಹಳೆಯ ತೊಟ್ಟಿಮನೆಯ ಹಿಂಭಾಗದ ಎರಡು ಕೋಣೆ ನನಗೆ ಬಾಡಿಗೆಗೆ ಸಿಕ್ಕಿದ್ದವು. ಬಚ್ಚಲ ಗೋಡೆಗೆ ನಮ್ಮದೇ ಒಂದು ನಲ್ಲಿ. ನಳ ಎನ್ನುವುದನ್ನು ಇಲ್ಲಿ ನಲ್ಲಿ ಎನ್ನುತ್ತಾರೆ. ಬೆಳಗ್ಗೆ ಬೆಳಗ್ಗೆ ಕನ್ನಡಿಯಂಥ ನೀರು. ಊರಿಗೆ ಫೋನು ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದೆ. ನೀರು ಹರಿಯಬಿಡುವುದು ನಮ್ಮ ಜೀವಕ್ಕೆ ಒಗ್ಗದ ಮಾತು. ಹಾಗಾಗಿ ನಲ್ಲಿ ತಿರುವಿದ ಕೂಡಲೇ ಬರುವ ಮೊದಲ ನೀರನ್ನೇ ಕುಡಿಯಲೆಂದು ತುಂಬಿಡುತ್ತಿದ್ದೆ. ವಿಜಿಯಂತೂ ಎದ್ದವಳೇ ನಲ್ಲಿಗೆ ಬಾಯಿ ಒಡ್ಡುತ್ತಿದ್ದಳು.

ಮನೆಯ ಒಡತಿ ಮಹದೇವಮ್ಮನವರು ನೀರಿನ ಬಗ್ಗೆ ನನಗಿಂತ ಹೆಚ್ಚು ಹೆಮ್ಮೆ ಪಡುತ್ತಿದ್ದರು. ಅವರದು ಹೊಲ ಗದ್ದೆ ಇರುವ, ಅರಿಶಿನದ ವ್ಯಾಪಾರ ಮಾಡುವ ಶಿವಭಕ್ತರ ಕುಟುಂಬ. ಗಂಡ ತೀರಿಕೊಂಡಿದ್ದರು, ಮಗ ರಾಜಪ್ಪ, ಸೊಸೆ ಮಂಗಳ. ಮಹದೇವಮ್ಮನ ಮಾವನವರು ಮೈಸೂರಿನಲ್ಲಿ ಯಾವುದೋ ಹಳೆಯ ಬಂಗಲೆ ಒಡೆಯುವಾಗ ಅಲ್ಲಿನ ಪೈಪು ಕೊಂಡು, ಎತ್ತಿನ ಗಾಡಿಯಲ್ಲಿ ತಂದು ಈ ಮನೆಗೆ ಹಾಕಿಸಿದ್ದರಂತೆ. ಬೀದಿಯಲ್ಲೇ ಮೊದಲು ಮನೆಯೊಳಗೆ ನಲ್ಲಿ ಬಂದದ್ದು ಇವರಿಗೆ. ಅಕ್ಕಪಕ್ಕದವರ ಕಬ್ಬಿಣದ ಪೈಪು ತುಕ್ಕು ತಿಂದು ಎಷ್ಟು ಸಲ ಬದಲಾದವೋ, ಇದು ಮಾತ್ರ ಹಾಕಿದ್ದು ಹಾಕಿದಂತೆ ಇದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಗಟ್ಟಿ ದನಿಯ ಹೆಂಗಸು, ಆದರೆ ಕರುಳಿನವರು. ನಾನು ಗುಂಡ್ಲುಪೇಟೆಯಿಂದ ಬರುವುದು ತಡವಾದರೆ ವಿಜಿಗೆ ಉಣ್ಣಿಸಿ ಕೂರಿಸಿಕೊಂಡಿರುತ್ತಿದ್ದರು. ಕೂಸು ಎಂದೇ ಕರೆಯುತ್ತಿದ್ದರು. ಅದೊಂದು ಮಾತು ನಮ್ಮೂರಿನದೇ ಆದ್ದರಿಂದ ನನಗೆ ಹಿತವಾಗುತ್ತಿತ್ತು. ಮಂಗಳನ ಮೇಲೆ ಮಾತ್ರ ಅವರ ನಾಲಗೆ ಹರಿತ. ಉಮ್ಮತ್ತೂರಿನಿಂದ ಬಂದ ಆ ಹುಡುಗಿಗೆ ಬಸಿರು ನಿಲ್ಲುತ್ತಿರಲಿಲ್ಲ. ಮೇಲಿಂದ ಮೇಲೆ ಹೋಗಿದ್ದವು. ಹರಕೆಗಳಾದವು, ಆಸ್ಪತ್ರೆಗಳಾದವು. ಆ ಹೊಟ್ಟೆಯೇ ಸರಿಯಿಲ್ಲ ಎಂದು ಅತ್ತೆ ಎದುರಿಗೇ ಅನ್ನುವುದನ್ನು ನಾನು ಕೇಳಿದ್ದೇನೆ. ಮಂಗಳ ತಲೆ ತಗ್ಗಿಸಿ ಅಂಗಳ ಗುಡಿಸುತ್ತಿದ್ದಳು.

ಮಳೆಗಾಲ ಕಳೆಯುವ ಹೊತ್ತಿಗೆ ವಿಜಿ ಸೊರಗತೊಡಗಿದಳು. ಹೊಟ್ಟೆನೋವು ಎನ್ನುತ್ತಿದ್ದಳು, ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ಮುಖ ಬಿಳಿಚಿತು. ಆಟಕ್ಕೆ ಕರೆದರೂ ಮೂಲೆಯಲ್ಲಿ ಮುದುರಿಕೊಳ್ಳುವಳು. ಶಾಲೆಯಲ್ಲಿ ಮೊದಲು ಕಲಿತ ಅಕ್ಷರಗಳನ್ನೇ ಮರೆಯುತ್ತಾಳೆ ಎಂದು ದೂರು ಬಂತು. ಹತ್ತಿರದ ಡಾಕ್ಟರು ಜಂತುಹುಳ ಎಂದರು, ಆಮೇಲೆ ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ನೀರು ಗಾಳಿ ಬದಲಾದುದಕ್ಕೆ ಹೀಗೆ ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ಕಚೇರಿ, ಬಸ್ಸು, ಡಾಕ್ಟರು, ಅಡುಗೆ. ಆ ತಿಂಗಳುಗಳಲ್ಲಿ ನನಗೆ ನೆನಪಿರುವುದು ಮೈಯೆಲ್ಲ ಹಿಂಡಿದಂಥ ಆಯಾಸ ಒಂದೇ.

ಒಂದು ಭಾನುವಾರ ಬಚ್ಚಲು ತಿಕ್ಕುವಾಗ ತಾಮ್ರದ ಕೊಡ ಜಾರಿ ಗೋಡೆಯ ಪೈಪಿಗೆ ಬಡಿಯಿತು. ಠಣ್ ಎನ್ನಬೇಕಿತ್ತು. ಗೋಣಿಚೀಲಕ್ಕೆ ಬಡಿದ ಹಾಗೆ ಮಂದ ಸದ್ದಾಯಿತು. ಬಗ್ಗಿ ನೋಡಿದರೆ ಕೊಡದ ಅಂಚು ತಾಗಿದ ಕಡೆ ಪೈಪು ತಗ್ಗಾಗಿತ್ತು, ಮತ್ತು ಮಂಕು ಬೂದು ಬಣ್ಣದ ಮೇಲೆ ಒಂದು ಗೀರು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬೆರಳಿನಿಂದ ಸವರಿದೆ. ಬೆರಳು ಕಪ್ಪಾಯಿತು. ಆ ಕಪ್ಪು ನನಗೆ ಹೊಸದಲ್ಲ. ನಾನು ಅದರೊಳಗೇ ಬೆಳೆದವಳು.

ನಮ್ಮ ಅಪ್ಪ ಗದಗಿನಲ್ಲಿ ಅಚ್ಚಿನ ಮೊಳೆ ಎರೆಯುವ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಪುಸ್ತಕ ಮುದ್ರಿಸುವ ಅಕ್ಷರಗಳನ್ನು ಆಗ ಸೀಸ ಕರಗಿಸಿ ಎರೆಯುತ್ತಿದ್ದರು. ಆ ಸೀಸ ಮುಂಬೈ ಕಡೆಯ ಹಳೆ ಸಾಮಾನಿನ ರಾಶಿಯಲ್ಲಿ ಬರುತ್ತಿತ್ತು. ಅದರಲ್ಲಿ ಇಂಥವೇ ಪೈಪಿನ ತುಂಡುಗಳು. ನಾವು ಮಕ್ಕಳು ಅವನ್ನು ಕೈಯಿಂದಲೇ ಬಗ್ಗಿಸಿ ಬಳೆ ಮಾಡುತ್ತಿದ್ದೆವು, ಹಾಸುಗಲ್ಲಿನ ಮೇಲೆ ಗೀಚಿ ಚಿತ್ರ ಬರೆಯುತ್ತಿದ್ದೆವು. ಅವ್ವ ನೋಡಿದರೆ ಬೆನ್ನಿಗೆ ಗುದ್ದುತ್ತಿದ್ದಳು. ಅಪ್ಪ ಮನೆಗೆ ಬಂದರೆ ಸೀಗೆಪುಡಿಯಿಂದ ಕೈ ತಿಕ್ಕಿ ತೊಳೆಯದೆ ನಮ್ಮನ್ನು ಮುಟ್ಟುವಂತಿರಲಿಲ್ಲ. ಅಷ್ಟು ಮಾಡಿದರೂ ಕೊನೆಗಾಲಕ್ಕೆ ಅವರ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಹೊಟ್ಟೆ ಹಿಡಿದುಕೊಂಡು ಕೂತಲ್ಲೇ ಬಾಗಿರುತ್ತಿದ್ದರು. ಸೀಸ ಒಳಗೆ ಹೋದರೆ ಹೊರಗೆ ಬರುವುದು ಬಹಳ ನಿಧಾನ ಎಂದು ಅವರೇ ಹೇಳಿದ್ದರು.

ಆದರೂ ತಪ್ಪು ತಿಳಿದಿರಬಾರದು ಎಂದು ಖಾತ್ರಿ ಮಾಡಿಕೊಂಡೆ. ವಿಜಿಯ ಕಂಪಾಸು ಪೆಟ್ಟಿಗೆಯ ಮುಚ್ಚಳದಲ್ಲಿ ಸಣ್ಣ ಅಯಸ್ಕಾಂತವಿತ್ತು. ಕಿಟಕಿಯ ಸರಳಿಗೆ ಹಿಡಿದೆ, ಅಂಟಿತು. ಬೀದಿಯ ಕಡೆ ಹೊಸದಾಗಿ ಹಾಕಿದ್ದ ಕಬ್ಬಿಣದ ತುಂಡಿಗೂ ಅಂಟಿತು. ಈ ಪೈಪಿಗೆ ಹಿಡಿದರೆ ಜಾರಿ ಕೆಳಗೆ ಬಿತ್ತು. ಬೀಗದ ಕೈಯಿಂದ ಇನ್ನೊಂದು ಕಡೆ ಕೆರೆದೆ. ಬೆಣ್ಣೆ ಗೀಚಿದ ಹಾಗೆ ಗೀರು ಬಿತ್ತು, ಒಳಗೆ ಬಿಳಿ ಹೊಳಪು. ತಾಮ್ರವಾದರೆ ಕೆಂಪಗೆ ಕಾಣಬೇಕು. ಬಿಳಿ ಕಾಗದವನ್ನು ಉಜ್ಜಿದರೆ ಪೆನ್ಸಿಲಿನಂಥ ಗೆರೆ ಮೂಡಿತು. ಎರಡು ಪೈಪು ಕೂಡುವಲ್ಲಿ ತಿರುಪಿನ ಸುತ್ತುಗಳಿಲ್ಲ. ಈರುಳ್ಳಿ ಗಡ್ಡೆಯ ಹಾಗೆ ಉಬ್ಬಿಸಿ ಬೆಸೆದಿದ್ದರು. ಅಂಥ ಗಡ್ಡೆಗಳನ್ನು ಅಪ್ಪ ಮೊದಲು ಕತ್ತರಿಸಿ ಬೇರೆ ಇಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಮುಂದಿನ ಬೀದಿಯಿಂದ ಮನೆಯ ಉದ್ದಕ್ಕೂ ಹಾದು ನನ್ನ ಬಚ್ಚಲಿಗೆ ಬರುವ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು. ಅದನ್ನೇ ನಾನು ಚೆಲ್ಲದೆ ಹಿಡಿದು ಮಗಳಿಗೆ ಕುಡಿಸುತ್ತಿದ್ದೆ. ಕೆಂಪು ನೀರಾಗಿದ್ದರೆ ಚೆಲ್ಲುತ್ತಿದ್ದೆನೋ ಏನೋ. ಇದಕ್ಕೆ ಬಣ್ಣವಿಲ್ಲ, ನಾತವಿಲ್ಲ, ರುಚಿಯೂ ಇಲ್ಲ.

ಮಾರನೆಯ ಬೆಳಗ್ಗೆ ಕೊಡ ಹಿಡಿದು ಬೀದಿ ನಲ್ಲಿಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳುವುದೆಂದೇ ತಿಳಿಯಲಿಲ್ಲ. ವಾರ ಕಳೆಯುವುದರೊಳಗೆ ಮಹದೇವಮ್ಮ ನನ್ನೊಡನೆ ಮಾತು ನಿಲ್ಲಿಸಿದರು. ಮನೆಯೊಳಗೆ ನೀರಿದ್ದೂ ಬಾಡಿಗೆಯವಳು ಬೀದಿಗೆ ಹೋಗುತ್ತಾಳೆಂದರೆ ಊರು ಏನೆಂದುಕೊಳ್ಳುತ್ತದೆ? ನಮ್ಮ ನೀರು ಇವಳಿಗೆ ಆಗದು, ನಮ್ಮ ಕುಲ ಇವಳಿಗೆ ಕಡಿಮೆ ಎಂದು ಅವರು ತಿಳಿದಿದ್ದರು. ಕೊನೆಗೆ ಒಂದು ದಿನ ಅಂಗಳದಲ್ಲೇ ಅಡ್ಡ ನಿಂತರು.

"ನಮ್ ನೀರ್ಗೆ ಏನಾಗದೆ ಅಂತ ಬೀದಿ ನಲ್ಲಿಗೋಯ್ತಿದ್ದೀಯವ್ವ?"

ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದೆ. ಗೀರು, ಅಯಸ್ಕಾಂತ, ಕಾಗದದ ಗೆರೆ. ಅಪ್ಪನ ಕೈಯ ಸಂಗತಿಯನ್ನೂ ಹೇಳಿದೆ. ಅವರು, ಈ ನೀರು ಕುಡಿದೇ ತಾವು ಮುದುಕಿಯಾದದ್ದು, ಮಾವನವರು ತೊಂಬತ್ತು ದಾಟಿ ಹೋದದ್ದು ಎಂದರು. ಸಂಜೆ ರಾಜಪ್ಪ ಬಂದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ದನಿ ಎತ್ತಲಿಲ್ಲ. ತಾತ ಹಾಕಿಸಿದ್ದನ್ನು ನೆನ್ನೆ ಮೊನ್ನೆ ಬಂದವರ ಮಾತು ಕೇಳಿ ಕೀಳಲಾಗದು, ಮೇಡಂ ಅವರಿಗೆ ಒಗ್ಗದಿದ್ದರೆ ಬೇರೆ ಮನೆ ನೋಡಿಕೊಳ್ಳಬಹುದು ಎಂದ. ತಪ್ಪೇನೂ ಇಲ್ಲ. ನಮ್ಮೂರಿಗೆ ಬಂದ ಪರವೂರಿನವಳು ಹೀಗೆಂದಿದ್ದರೆ ನಾವೂ ಹಾಗೇ ಅನ್ನುತ್ತಿದ್ದೆವು.

ರಜೆ ಹಾಕಿ ವಿಜಿಯನ್ನು ಮೈಸೂರಿಗೆ ಕರೆದೊಯ್ದೆ. ಅಲ್ಲಿನ ಮಕ್ಕಳ ಡಾಕ್ಟರು ನಾನು ಹೇಳಿದ್ದನ್ನು ಕೇಳಿಸಿಕೊಂಡರು. ಅದೇ ನನಗೆ ದೊಡ್ಡದಾಗಿ ಕಂಡಿತು. ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಕೆಲವು ದಿನಗಳ ನಂತರ ಮತ್ತೆ ಹೋದಾಗ, ಸೀಸ ಇರಬಾರದಷ್ಟು ಇದೆ, ಆದರೆ ಕೈ ಮೀರಿಲ್ಲ, ಮೊದಲು ಆ ನೀರು ನಿಲ್ಲಿಸಿ ಎಂದರು. ಕಾಯಿಸಿದರೂ ಹೋಗುವುದಿಲ್ಲ ಎಂದರು. ಎದ್ದು ಬರುವಾಗ, ಮನೆಯಲ್ಲಿ ಬಸುರಿಯರು ಯಾರಾದರೂ ಇದ್ದಾರೆಯೇ, ಬಸಿರಿಗೂ ಇದು ಕೆಟ್ಟದ್ದು ಎಂದು ಕೇಳಿದರು. ನಾನು ಇಲ್ಲ ಎಂದೆ. ಬಸ್ಸಿನಲ್ಲಿ ವಿಜಿ ತೊಡೆಯ ಮೇಲೆ ಮಲಗಿದ್ದಳು. ಕಿಟಕಿಯಾಚೆ ನಂಜನಗೂಡು ಬಂತು, ಹೋಯಿತು. ನನ್ನ ತಲೆಯಲ್ಲಿ ಅಂಗಳ ಗುಡಿಸುವ ಮಂಗಳ ಒಬ್ಬಳೇ ಇದ್ದಳು.

ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಮಂಗಳ ಬಟ್ಟೆ ಒಣಹಾಕುತ್ತಿದ್ದಾಗ ಹತ್ತಿರ ಹೋಗಿ, ಅವಳಿಗಷ್ಟೇ ಕೇಳುವಂತೆ ಹೇಳಿದೆ. ಅವಳು ಹಿಡಿದಿದ್ದ ಸೀರೆಯನ್ನು ಕೊಡವಿ ಹಗ್ಗಕ್ಕೆ ಹಾಕಿ ನೀಟಾಗಿ ಎಳೆದಳು. ಮರುದಿನ ಬೆಳಗ್ಗೆ ನಾನು ಬೀದಿ ನಲ್ಲಿಗೆ ಹೋದಾಗ ಅವಳು ನನಗಿಂತ ಮುಂದೆ ಸಾಲಿನಲ್ಲಿ ನಿಂತಿದ್ದಳು, ಸೊಂಟದ ಮೇಲೆ ಕೊಡ. ಆ ಮನೆಯ ಸೊಸೆ ಬೀದಿ ನಲ್ಲಿಯ ಸಾಲಿನಲ್ಲಿ ನಿಂತದ್ದನ್ನು ಬೀದಿಯೆಲ್ಲ ನೋಡಿತು. ಮಹದೇವಮ್ಮ ಜಗುಲಿಯಿಂದ ನೋಡಿದರು.

ಅವತ್ತು ಮಧ್ಯಾಹ್ನ ಅವರು ನನ್ನ ಕೋಣೆಗೆ ಬಂದರು. ಯಾವತ್ತೂ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದವರು ಒಳಗೆ ಬಂದು ಚಾಪೆಯ ಮೇಲೆ ಕೂತರು.

"ಮಂಗ್ಳನ್ಗೆ ಬಸ್ರು ನಿಲ್ದೆ ಓಗಿದ್ದು ಇದ್ರಿಂದ್ಲೇನವ್ವ?"

ಹೌದು ಎನ್ನಲು ನನ್ನ ಬಳಿ ಏನಿತ್ತು? ಅಲ್ಲ ಎನ್ನಲು ಹೇಗೆ ಸಾಧ್ಯ? "ಇರಬಹುದ್ರೀ ಅಮ್ಮಾರ" ಎಂದೆ. "ಖಾತ್ರಿ ಅಂತ ಯಾರ ಕೈಲೂ ಹೇಳಾಕ ಆಗೂದಿಲ್ಲ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಆಮೇಲೆ ಗೋಡೆಯ ಕಡೆ ನೋಡುತ್ತಾ ಹೇಳಿದರು: "ನಂಗೂ ಎಲ್ಡು ಬಸ್ರು ಓದ್ವು ಕಣವ್ವ. ರಾಜಪ್ಪ ಉಟ್ಟಕ್ ಮುಂಚೆ. ನಮ್ಮತ್ತೆ ನನ್ನೇ ಅಂದ್ಳು. ನಾನು ಇವ್ಳನ್ನಂದೆ."

ನಾನು ನೀರು ಕೊಡಲು ಎದ್ದೆ. ಅವರು ಬೀದಿ ನಲ್ಲಿಯ ಕೊಡದ ಕಡೆ ಕೈ ತೋರಿಸಿದರು. ಅದರಿಂದಲೇ ಒಂದು ಲೋಟ ಬಗ್ಗಿಸಿ ಕೊಟ್ಟೆ. ಪೂರ್ತಿ ಕುಡಿದರು.

ಆ ವಾರವೇ ಪೈಪು ಕಿತ್ತರು. ರಾಜಪ್ಪ ಬೇಡವೆಂದದ್ದನ್ನು ತಾಯಿ ಕೇಳಲಿಲ್ಲ. ಕೆಲಸದವರು ಗೋಡೆಯ ಗಾರೆ ಒಡೆದು, ನೆಲ ಅಗೆದು, ಕತ್ತರಿಸಿ ಕತ್ತರಿಸಿ ಹೊರತಂದರು. ಒಂದೊಂದು ತುಂಡನ್ನೂ ಇಬ್ಬರು ಹಿಡಿಯಬೇಕು, ಅಷ್ಟು ಭಾರ. ಅದರ ಬದಲು ಈಗ ಎಲ್ಲ ಅಂಗಡಿಯಲ್ಲೂ ಸಿಗುವ ಪ್ಲಾಸ್ಟಿಕ್ ಪೈಪು ಹಾಕಿದರು. ಮುರಿದ ಗೋಡೆ ಬಳಿಯುವವರೆಗೆ ಮನೆಯೆಲ್ಲ ಧೂಳು. ಆ ಧೂಳಿನಲ್ಲೇ ಮಂಗಳ ಉಮ್ಮತ್ತೂರಿಗೆ, ತವರಿಗೆ ಹೊರಟಳು. ಕೆಲವು ದಿನ ಇದ್ದು ಬರುತ್ತೇನೆ ಎಂದಳು. ಅತ್ತೆ ತಾವೇ ಅವಳ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆದರು. ದಾರಿಯಲ್ಲಿ ಏನು ಮಾತಾಡಿದರೋ, ಮಾತಾಡಲೇ ಇಲ್ಲವೋ, ನನಗೆ ತಿಳಿಯದು.

ವಿಜಿ ನಿಧಾನವಾಗಿ ಚೇತರಿಸಿಕೊಂಡಳು. ಮೊದಲು ಹಸಿವು ಬಂತು, ಆಮೇಲೆ ಹಟ. ಹಟ ಮಾಡಿದ ದಿನ ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಕ್ಷರಗಳು ತಡವಾಗಿ ಬಂದವು. ಈಗಲೂ ಓದುವಾಗ ಕೆಲವು ಕಡೆ ತಡೆಯುತ್ತಾಳೆ. ಅದು ಸೀಸದಿಂದಲೋ, ಸುಮ್ಮನೆ ಅವಳ ಸ್ವಭಾವವೋ ಎಂದು ನಾನು ಕೇಳಿಕೊಳ್ಳುವುದನ್ನು ಬಿಟ್ಟಿಲ್ಲ.

ಇನ್ನು ಎಲ್ಲ ಸರಿಹೋಯಿತು ಎಂದುಕೊಳ್ಳುವ ಹೊತ್ತಿಗೆ ಮಹದೇವಮ್ಮ ಮತ್ತೆ ನನ್ನ ಕೋಣೆಗೆ ಬಂದರು. ಗುಂಡ್ಲುಪೇಟೆಯಲ್ಲಿ ತಮ್ಮ ಕಡೆಯವರ ಪರಿಚಯದ ಒಂದು ಮನೆ ಖಾಲಿ ಇದೆ, ಕಚೇರಿಗೆ ಹತ್ತಿರ, ಶಾಲೆಯೂ ಪಕ್ಕದಲ್ಲೇ ಎಂದು ವಿವರವಾಗಿ ಹೇಳಿದರು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದಾರೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ನಾನು ಏನು ತಪ್ಪು ಮಾಡಿದೆ ಎಂದು ಕೇಳಿದೆ.

"ನೀನೇನೂ ಮಾಡ್ನಿಲ್ಲ ಕಣವ್ವ. ವಳ್ಳೇದೇ ಮಾಡ್ದೆ. ನಿನ್ ಮಕ ಕಂಡಾಗೆಲ್ಲ ನಂಗೆ ಅದೇ ಗೆಪ್ತಿಯಾಯ್ತದೆ."

ಗೆಪ್ತಿ ಎಂದರೆ ಜ್ಞಾಪಕ. ಆ ಮಾತಿನ ಅರ್ಥವನ್ನು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಇನ್ನೊಮ್ಮೆ ಗಂಟು ಕಟ್ಟಬೇಕಲ್ಲ ಎಂಬ ಸುಸ್ತು ಮಾತ್ರ ಬಂತು.

ಮನೆ ಬದಲಿಸುವ ದಿನ ಅವರು ನಮ್ಮ ಜೊತೆಯಲ್ಲೇ ಹೊರಟರು. ಸಾಮಾನು ಹೊತ್ತ ಟೆಂಪೋ ಮುಂದೆ ಹೋಯಿತು, ನಾವು ಮೂವರು ಬಸ್ಸಿನಲ್ಲಿ. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ವಿಜಿಗೆ ಕಳ್ಳೆಕಾಯಿ ಕೊಡಿಸಿದರು. ಕಳ್ಳೆಕಾಯಿ ಎಂದರೆ ನಮ್ಮ ಶೇಂಗಾ. ಸಿಪ್ಪೆ ಬಿಡಿಸಿ ಒಂದೊಂದೇ ಕಾಳನ್ನು ಅವಳ ಅಂಗೈಗೆ ಹಾಕುತ್ತಾ ಇಡೀ ದಾರಿ ಅವಳೊಡನೆಯೇ ಮಾತಾಡಿದರು. ನನ್ನ ಕಡೆ ಹೆಚ್ಚು ನೋಡಲಿಲ್ಲ.

ಗುಂಡ್ಲುಪೇಟೆಯ ಮನೆ ಹೊಸದು, ಸಣ್ಣದು, ಮುಂದೆ ಒಂದು ಹೊಂಗೆಯ ಮರ. ಮಹದೇವಮ್ಮ ಒಳಗೆಲ್ಲ ಓಡಾಡಿ ಅಡುಗೆಕೋಣೆ, ಕಿಟಕಿ, ಚಿಲಕ ಎಲ್ಲ ನೋಡಿದರು. ಒಲೆ ಹಚ್ಚಿ ಹಾಲು ಉಕ್ಕಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದು ನನ್ನ ಮಾತಿನ ಧಾಟಿಯನ್ನು ಕೇಳಿ, ಇವರು ಯಾರು, ಯಾವ ಕಡೆಯವರು ಎಂದು ಅವರನ್ನು ವಿಚಾರಿಸಿದಳು. ನಾನು ಒಳಗೆ ಪಾತ್ರೆ ಜೋಡಿಸುತ್ತಿದ್ದೆ. ಮಹದೇವಮ್ಮನ ದನಿ ಕೇಳಿಸಿತು.

"ನಮ್ಮನೆ ಎಣ್ಮಗ್ಳು ಕಣವ್ವ. ಒಂಟಿಯಾಗವ್ಳೆ, ವಸಿ ನೋಡ್ಕೊ."

ಮಧ್ಯಾಹ್ನದ ಬಸ್ಸಿಗೆ ಅವರು ಹೊರಟುಹೋದರು. ಇರಿ, ಊಟ ಮಾಡಿಕೊಂಡು ಹೋಗಿ ಎಂದರೆ, ಮನೆಯಲ್ಲಿ ರಾಜಪ್ಪ ಒಬ್ಬನೇ ಎಂದರು. ಮಂಗಳ ಬಂದಳೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಕೇಳಿಲ್ಲ. ಆ ಮನೆಗೆ ಮತ್ತೆ ಹೋಗಿಲ್ಲ, ಚಾಮರಾಜನಗರದ ಕಚೇರಿಗೆ ಹೋದ ದಿನ ಆ ಬೀದಿಯನ್ನು ತಪ್ಪಿಸಿ ನಡೆಯುತ್ತೇನೆ.

ಹೋದ ರಜೆಯಲ್ಲಿ ಗದಗಿಗೆ ಹೋಗಿದ್ದೆ. ನಮ್ಮ ಮನೆಯವರು ವರ್ಗಕ್ಕೆ ಅರ್ಜಿ ಹಾಕು, ಎಷ್ಟು ದಿನ ಹೀಗೆ ಎಂದರು. ಹಾಕುತ್ತೇನೆ ಎಂದೆ. ಹಾಕಬೇಕು ಎಂದು ನನಗೂ ಇದೆ. ಹೋದ ಎರಡನೇ ದಿನಕ್ಕೇ ವಿಜಿ ಮುದ್ದೆ ಬೇಕೆಂದು ರಚ್ಚೆ ಹಿಡಿದಳು, ಗದಗಿನ ಅಂಗಡಿಗಳಲ್ಲಿ ನಾನು ರಾಗಿಹಿಟ್ಟು ಹುಡುಕುತ್ತಾ ತಿರುಗಿದೆ. ಮರಳಿ ಹೊರಟಾಗ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ, "ಯಾವೂರಾತವ್ವಾ ನಿಮ್ಮದು?" ಎಂದಳು. ನಮ್ಮದೇ ಮಾತು, ನಮ್ಮದೇ ರಾಗ. ಗದಗ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ವಿಜಿ ಗುಂಡ್ಲುಪೇಟೆ ಎಂದಳು. ಅಜ್ಜಿ ನನ್ನ ಕಡೆ ತಿರುಗಿ ಕಾಯುತ್ತಿದ್ದಳು. ನಾನು ಅಲ್ಲ ಎನ್ನಲಿಲ್ಲ.